ಲಮಾರಾ ಮುಟ್ಟಿದ ರಾಜ

ನಮ್ಮ ಕುತಾಯಿಸಿ ಊರಿನಲ್ಲಿ ಮದುವೆಯಾಗಿ ಹೋಗುವ ಹೆಣ್ಣಿಗೆ ಹಾಸಿಗೆ, ಪಾತ್ರೆಗಳ ಜೊತೆ ಚೆಸ್ ಮಣೆಯನ್ನೂ ಕಟ್ಟಿಕೊಡುತ್ತಿದ್ದ ಕಾಲವಿತ್ತು. ಮೇಲಿನ ಮನೆಯ ಲಮಾರಾಗೆ ಅವಳ ಅಮ್ಮ ಮಣೆಯ ಜೊತೆ ಆಟ ಶುರುಮಾಡುವ ಒಂದು ಪಟ್ಟನ್ನೂ ಕಲಿಸಿ ಕಳಿಸಿದ್ದಳು: ಕಿಂಗ್ಸ್ ಗ್ಯಾಂಬಿಟ್. ಎರಡನೇ ನಡೆಗೇ ರಾಜನ ಮಗ್ಗುಲ ಕಾಲಾಳನ್ನು ಎದುರಾಳಿಯ ಬಾಯಿಗೆ ಒಡ್ಡುವ ಆಟ. ರಾಜ ಬಯಲಿಗೆ ಬೀಳುತ್ತಾನೆ, ಬೇಗ ಮೂಲೆಯ ಆನೆಯ ಮರೆಗೆ ಜಾರಿಸಿ ಕೋಟೆ ಸೇರಿಸದಿದ್ದರೆ ಸತ್ತ. ನನ್ನಂಥ ಪುಕ್ಕಲರು ಆಡುವ ಆಟವಲ್ಲ.

ಹಗಲು ಹೊಲಿಗೆ ಕಾರ್ಖಾನೆ, ಸಂಜೆ ಕ್ಲಬ್ಬಿನಲ್ಲಿ ಮಕ್ಕಳಿಗೆ ಚೆಸ್ ಪಾಠ, ಹೀಗೇ ವಯಸ್ಸು ಕಳೆದವಳು ಲಮಾರಾ. ಚೆಸ್ಸಿನ ಮಾಸ್ಟರ್ ಪದವಿ ಮಾತ್ರ ಕೈಗೆ ಸಿಕ್ಕಿರಲಿಲ್ಲ. ಕಣ್ಣಿನ ನರ ಒಣಗುತ್ತಿದೆ, ಮುಂದಿನ ವರ್ಷಕ್ಕೆ ಮಣೆ ಕಾಣುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಹಾಗಾಗಿ ಇದೇ ಕೊನೆಯ ಪಂದ್ಯಾವಳಿ. ಕೊನೆಯ ಆಟ ಗೆದ್ದರಷ್ಟೇ ಪದವಿ. ಎದುರಿಗೆ ಕೂತವಳು ಅವಳೇ ಕಲಿಸಿ ಬೆಳೆಸಿದ ನುತ್ಸಾ.

"ಅಲ್ಲಮ್ಮಾ, ಆ ಹುಡುಗಿ ನಿನ್ನ ಗ್ಯಾಂಬಿಟ್ಟನ್ನ ಅರೆದು ಕುಡಿದಿದಾಳೆ. ಬೇರೆ ಏನಾದ್ರೂ ಆಡು," ಅಂದಿದ್ದ ಕ್ಲಬ್ಬಿನ ಮುದುಕ ಗಿವಿ, ಆಟಕ್ಕೆ ಕೂರುವ ಮುಂಚೆ.

"ಬೇರೆ ಏನು, ನಿನ್ನ ಥರ ಗೋಡೆಗೆ ಒರಗಿ ಗೊರಕೆ ಹೊಡೀಲಾ?"

ಆಟ ಚೆನ್ನಾಗಿಯೇ ಸಾಗಿತ್ತು. ಕೋಟೆಯ ದಾರಿಗೆ ಅಡ್ಡವಾಗಿ ಒಂಟೆಯೊಂದೇ ಉಳಿದಿತ್ತು. ಅದನ್ನು ಎತ್ತುವ ಬದಲು ಲಮಾರಾ ಕೈಚಾಚಿ, ಸೊಟ್ಟ ಕಾಲರ್ ಸರಿಮಾಡುವಂತೆ ರಾಜನನ್ನು ತುಸು ಸರಿಸಿದಳು. ಹಾಗೆ ಸರಿಸುವ ಮುಂಚೆ 'ನೇರ ಮಾಡ್ತಿದೀನಿ' ಅಂತ ಬಾಯಿಬಿಟ್ಟು ಹೇಳಬೇಕು. ಹೇಳಲಿಲ್ಲ.

ನುತ್ಸಾ ತಲೆತಗ್ಗಿಸಿದಳು. "ನಾನೇನೂ ನೋಡ್ಲಿಲ್ಲ ಟೀಚರ್."

"ನೋಡಿದೀಯ. ಮುಟ್ಟಿದ ಕಾಯಿ ನಡೆಸ್ಬೇಕು ಅಂತ ನಿಂಗೆ ಹೇಳ್ಕೊಟ್ಟಿದ್ದು ಯಾರು ಮರೀ?"

ಬಲಿಹೋದ ಕಾಲಾಳಿನ ಖಾಲಿ ಮನೆಗೇ ರಾಜನನ್ನು ಇಟ್ಟಳು. ಒಮ್ಮೆ ನಡೆದ ರಾಜನಿಗೆ ಮತ್ತೆ ಕೋಟೆಯಿಲ್ಲ. ನುತ್ಸಾಳ ರಾಣಿ ಅವನನ್ನು ಬಯಲೆಲ್ಲ ಅಟ್ಟಾಡಿಸಿ ಮುಗಿಸಿತು. ಗೆದ್ದ ಹುಡುಗಿ ಮುಖ ಮುಚ್ಚಿಕೊಂಡು ಅತ್ತಳು.

ಮನೆಗೆ ವಾಪಸಾಗುವ ಮಿನಿ ಬಸ್ಸಿನಲ್ಲಿ ಲಮಾರಾ ನನ್ನ ಕಡೆ ತಿರುಗಿ, "ರಾಜ ಸೊಟ್ಟಗೆ ನಿಂತಿದ್ದ, ಅಲ್ವೇನೇ?" ಅಂದಳು.

ಆಟದ ಹೊತ್ತಿಗೆ ನನ್ನ ಮಗುವನ್ನು ಎತ್ತಿಕೊಂಡು ನಾನು ಅವಳ ಬೆನ್ನ ಹಿಂದೆಯೇ ನಿಂತಿದ್ದೆ. ರಾಜ ನೆಟ್ಟಗೇ ನಿಂತಿದ್ದ.

"ಮಗೂಗೆ ಮತ್ತೆ ಕೆಮ್ಮು ಶುರುವಾಗಿದೆ," ಅಂದೆ.

ಅವಳು ಎರಡನೇ ಸಲ ಕೇಳಲಿಲ್ಲ. ಇಳಿಯುವಾಗ ಮೆಟ್ಟಿಲು ಸಿಗದೆ, ನನ್ನ ತೋಳಿಗಾಗಿ ಗಾಳಿಯಲ್ಲಿ ತಡಕಿದಳು.