ಜಪಾನಿನ ಕಾದಂಬರಿಯೂ ತುಕ್ಕಾನಟ್ಟಿಯ ಸುಣ್ಣವೂ

“ಅಕ್ಕಾರ, ಕಬ್ಬಿನ ಹಾಲಿಗೆ ಸುಣ್ಣ ಯಾವಾಗ ಹಾಕ್ತಾರ್ರಿ?”

ಭಾನುವಾರ ಬೆಳಿಗ್ಗೆ ಫೋನ್ ಎತ್ತಿದರೆ ನಮಸ್ಕಾರವಿಲ್ಲ, ಹೆಸರಿಲ್ಲ, ನೇರವಾಗಿ ಈ ಪ್ರಶ್ನೆ. ಗೋಕಾಕದ ನಮ್ಮ ಮನೆಗೆ ರಾಂಗ್ ನಂಬರ್ ಬರುವುದು ಹೊಸದೇನಲ್ಲ. ಆದರೆ ಅವರು ಯಾರೂ ಹೀಗೆ ಪರೀಕ್ಷೆ ತೆಗೆದುಕೊಳ್ಳುವುದಿಲ್ಲ.

“ಯಾರ್ರಿ ಮಾತಾಡೋದು?” ಎಂದೆ.

“ನಾ ಮಾಯವ್ವ ರೀ, ತುಕ್ಕಾನಟ್ಟಿಯಾಕಿ. ಹುಕ್ಕೇರ್ಯಾಗ ಮಗಳ ಮನ್ಯಾಗ ಅದೇನಿ. ನೀವು ಪೇಪರಿನ್ಯಾಗ ಬರದದ್ದು ಆಕಿ ಈಗ ಓದಿ ಹೇಳಿದ್ಳು. ಅದು ತಪ್ಪೈತ್ರಿ.”

ಆ ವಾರ ಅಂಕಣದಲ್ಲಿ ನಾನು ಬರೆದಿದ್ದು ಜಪಾನಿನ ಒಬ್ಬ ಐತಿಹಾಸಿಕ ಕಾದಂಬರಿಗಾರ್ತಿಯ ಬಗ್ಗೆ. ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ನಗರಸಭೆಯ ಕಚೇರಿಯಲ್ಲಿ ಫೈಲು ಜೋಡಿಸುತ್ತಿದ್ದ ಹೆಂಗಸು. ಮೊದಲ ಕಾದಂಬರಿ ಅಚ್ಚಾಗುವ ಹೊತ್ತಿಗೆ ವಯಸ್ಸು ನಲವತ್ತು ದಾಟಿತ್ತು. ಅಲ್ಲಿಯವರೆಗೆ ಪ್ರಕಾಶಕರು ಹಸ್ತಪ್ರತಿ ವಾಪಸ್ ಕಳಿಸುತ್ತಲೇ ಇದ್ದರು. ಯಾಕೆ? ಐತಿಹಾಸಿಕ ಕಾದಂಬರಿ ಎಂದ ಮೇಲೆ ಕೋಟೆ ಬೇಕು, ಕತ್ತಿ ಬೇಕು. ಈಕೆಯ ಪುಸ್ತಕದಲ್ಲಿ ಇದ್ದವರು ಬಟ್ಟೆ ಒಗೆಯುವವರು, ನೇಯುವವರು, ಉಪ್ಪು ಬೇಯಿಸುವವರು.

‘ಅಡುಗೆಮನೆ ಇತಿಹಾಸ’ ಎಂದು ವಿಮರ್ಶಕರು ಮೂಗು ಮುರಿದರು. (ಅವರೆಲ್ಲ ಊಟ ಎಲ್ಲಿ ಮಾಡುತ್ತಿದ್ದರೋ.) ಈಕೆ ಜಗ್ಗಲಿಲ್ಲ. ನೇಕಾರ್ತಿಯ ಕಥೆಗಾಗಿ ಒಂದು ಚಳಿಗಾಲವಿಡೀ ಮಗ್ಗದ ಮುಂದೆ ಕೂತರು. ಉಪ್ಪಿನ ಕಥೆಗಾಗಿ ಹೆಗಲ ಮೇಲೆ ಸಮುದ್ರದ ನೀರು ಹೊತ್ತರು. ಈಗ ಎಪ್ಪತ್ತು ದಾಟಿದೆ, ಇನ್ನೂ ಬರೆಯುತ್ತಿದ್ದಾರೆ.

ನಾನು ಇಂಗ್ಲಿಷ್‌ನಲ್ಲಿ ಓದಿ ಮೆಚ್ಚಿದ್ದು ಅವರ ಬೆಲ್ಲದ ಕಾದಂಬರಿ. ದಕ್ಷಿಣದ ದ್ವೀಪಗಳಲ್ಲಿ ಒಡೆಯರಿಗಾಗಿ ಬೆಲ್ಲ ಕಾಯಿಸುತ್ತಿದ್ದ ಹೆಂಗಸರ ಕಥೆ. ಕಾಯಿಸಿದವರು ಬೆರಳು ನೆಕ್ಕಿದರೂ ಶಿಕ್ಷೆ. ಒಂದು ದೃಶ್ಯದಲ್ಲಿ ಪಾಕ ಗಟ್ಟಿಯಾಗಿ ಕೊತಕೊತ ಕುದಿಯುತ್ತಿದೆ, ಮೇಲ್ವಿಚಾರಕ ಬಾಗಿಲಿಗೆ ಬಂದಿದ್ದಾನೆ. ನಾಯಕಿ ಪಾಕಕ್ಕೆ ಸುಣ್ಣ ಹಾಕುತ್ತಾಳೆ. ಬೆಲ್ಲ ಚೆನ್ನಾಗಿ ಬಂದು ಶಿಕ್ಷೆಯಿಂದ ಪಾರಾಗುತ್ತಾಳೆ. ‘ಇದು ಕುರ್ಚಿಯಲ್ಲಿ ಕೂತು ಕಲ್ಪಿಸಿದ್ದಲ್ಲ, ಕಂಡು ಬರೆದದ್ದು’ ಎಂದು ನಾನು ಹೊಗಳಿದ್ದೆ.

ಮಾಯವ್ವ ಹಿಡಿದದ್ದು ಅದೇ ದೃಶ್ಯವನ್ನು.

“ಸುಣ್ಣದ ತಿಳಿ ಹಾಲು ಬಿಸಿ ಆಗಾಕತ್ತಿದಾಗ ಹಾಕ್ತಾರ್ರಿ, ಕುದಿ ಬರೂಕಿಂತ ಮೊದಲ. ಹೊಲಸೆಲ್ಲಾ ನೊರಿ ಆಗಿ ಮ್ಯಾಲ ಬರತೈತಿ, ತಗದ ಚೆಲ್ತೀವಿ. ಪಾಕ ಬಂದ ಮ್ಯಾಲ ಹಾಕಿದ್ರ ಬೆಲ್ಲ ಕರ್ರಗಾಗಿ ಕೆಟ್ಟ ಹೋಗತೈತಿ. ಆ ಹುಡಗಿ ಪಾರಾಗೂದ ದೂರ ಉಳೀತು, ಅವತ್ತ ಆಕೀನ್ನ ಬಡದ ಹಾಕಿರ್ತಿದ್ರು.”

“ಅವರು ಹಳೀ ಕಾಗದಪತ್ರ ಐದಾರು ವರ್ಷ ಓದಿ ಬರದಾರ್ರಿ, ಮಾಯವ್ವ.”

“ಓದ್ಯಾರ. ಬೆಲ್ಲ ಮಾಡ್ಯಾರೇನ್ರಿ?”

ನಾನು ಇಪ್ಪತ್ತೆಂಟು ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಕಲಿಸಿದವಳು. ಈ ಪ್ರಶ್ನೆಯನ್ನು ಯಾವ ಕಾದಂಬರಿಗೂ ಕೇಳಿರಲಿಲ್ಲ.

ಆಮೇಲೆ ಮಗಳು ಫೋನ್ ತೆಗೆದುಕೊಂಡಳು. (ಅವಳು ಹುಕ್ಕೇರಿಯಲ್ಲಿ ನರ್ಸ್.) “ಅವ್ವ ಮೂವತ್ತ ಹಂಗಾಮ ಗಾಣದ ಮನ್ಯಾಗ ದುಡದಾಳ್ರಿ. ಒಲಿಗೆ ಕಬ್ಬಿನ ಒಣ ರವದಿ ಹಾಕೂದು, ನೊರಿ ತಗಿಯೂದು. ಆದ್ರ ಪಾಕದ ಮಾತ ಗಂಡಸರದ್ರಿ, ಈಕಿ ಹೇಳಿದ್ದ ಯಾರೂ ಕಿವಿಗೆ ಹಾಕ್ಕೊಳ್ಳೂದಿಲ್ಲ. ನೀವರೆ ಆ ಕಾದಂಬರಿ ಬರದ ಬಾಯಾರಿಗೆ ಬರೀರಿ.”

ಬರೆದೆನೇ? ಇಲ್ಲ. ಮೂರು ವಾರ ಸುಮ್ಮನಿದ್ದೆ. ಎಪ್ಪತ್ತು ದಾಟಿದ ದೊಡ್ಡ ಲೇಖಕಿಗೆ ‘ನಮ್ಮೂರ ಗಾಣದಾಕೆ ನಿಮ್ಮದು ತಪ್ಪು ಅಂತಾಳೆ’ ಎಂದು ಹೇಗೆ ಬರೆಯುವುದು? ಇದು ನಾನು ನನಗೆ ಹೇಳಿಕೊಂಡ ಕಾರಣ. ನಿಜವಾದ ಕಾರಣ ಬೇರೆ. ಆ ದೃಶ್ಯ ತಪ್ಪಾದರೆ ನನ್ನ ಹೊಗಳಿಕೆಯೂ ತಪ್ಪು. ತಪ್ಪು ಅವರದು, ಹೋಗುವ ಮರ್ಯಾದೆ ನನ್ನದು.

ಮಗಳು ಎರಡು ಸಲ ಫೋನ್ ಮಾಡಿ, “ಅವ್ವ ಕೇಳಾಕತ್ಯಾಳ್ರಿ, ಏನಾತಂತ” ಎಂದಳು. ಮೂರನೆಯ ಫೋನಿಗೆ ಹೆದರಿ ಪ್ರಕಾಶಕರಿಗೆ ಇಮೇಲ್ ಹಾಕಿದೆ. ಉತ್ತರ ಬಾರದಿರಲಿ ಎಂದೂ ಮನಸ್ಸಿನಲ್ಲೇ ಬೇಡಿಕೊಂಡೆ.

ಉತ್ತರ ಬಂತು. ಖುದ್ದು ಲೇಖಕಿಯೇ ಬರೆದಿದ್ದರು. ದ್ವೀಪದ ಬೆಲ್ಲದವರಿಗೆ ಫೋನ್ ಮಾಡಿ ಕೇಳಿದರಂತೆ, ಮಾಯವ್ವ ಹೇಳಿದ್ದೇ ಸರಿಯಂತೆ. ಎಲ್ಲ ಪುಸ್ತಕಗಳಿಗೂ ಆಯಾ ಕೆಲಸ ಕಲಿತೇ ಬರೆದವರು, ಈ ಒಂದಕ್ಕೆ ಮಾತ್ರ ಮೊಣಕಾಲಿನ ಆಪರೇಷನ್ ಆಗಿ ದ್ವೀಪಕ್ಕೆ ಹೋಗಲಾಗದೆ ಕಾಗದ ನಂಬಿದರಂತೆ. ‘ಈ ಪುಸ್ತಕವನ್ನು ನನ್ನ ದೇಶದಲ್ಲಿ ಬಹಳ ಜನ ಓದಿದರು, ಯಾರೂ ಇದನ್ನು ಹೇಳಲಿಲ್ಲ. ಗೊತ್ತಿರುವವರ ಕೈಗೆ ನನ್ನ ಪುಸ್ತಕ ಹೋಗಿಲ್ಲ ಎಂದಾಯಿತು’ ಎಂದಿದ್ದರು. ಕೆಳಗೆ ಮಾಯವ್ವನಿಗೆ ಹನ್ನೊಂದು ಪ್ರಶ್ನೆಗಳು.

ಓದಿ ಕಣ್ಣು ತುಂಬಿತು. ನಾಚಿಕೆಯೂ ಆಯಿತು. ತಪ್ಪು ತೋರಿಸಿದವರಿಗೆ ನಾವು ಏನು ಕೊಡುತ್ತೇವೆ? ಸಬೂಬು. ಇವರು ಪ್ರಶ್ನೆ ಕೊಟ್ಟಿದ್ದರು.

ಮಾಯವ್ವ ಊರಿಗೆ ಮರಳಿದ ಮೇಲೆ ಆ ಹಾಳೆ ಹಿಡಿದು ತುಕ್ಕಾನಟ್ಟಿಗೆ ಹೋದೆ. ಒಂದೊಂದೇ ಓದಿದೆ. ಕುದಿಯುವ ಕೊಪ್ಪರಿಗೆಯ ನೊರೆ ತೆಗೆಯುವಾಗ ಯಾವ ಕಾಲು ಮುಂದಿಡುತ್ತೀರಿ?

ಮಾಯವ್ವ ಎದ್ದು ನಿಂತು, ಕೈಯಲ್ಲಿ ಇಲ್ಲದ ಜಾಲರಿಯನ್ನು ಹಿಡಿದು ಬಗ್ಗಿ ನೋಡಿದರು. “ಎಡಗಾಲ್ರಿ. ಬಲಗಾಲ ಮುಂದಿಟ್ಟಾಗ ಜಾರಿದ್ರ ಹಿಂದಕ್ಕ ಬರಾಕಾಗೂದಿಲ್ಲ.”

ಗಾಣದಿಂದ ಮನೆಗೆ ಹೋದ ಮೇಲೆ ಊಟದ ರುಚಿ ತಿಳಿಯುತ್ತದೆಯೇ?

“ಎಲ್ಲಾ ಸಿಹೀನ ಅನಸತೈತ್ರಿ, ಖಾರ ಸುದ್ದಾ,” ಎಂದು ನಕ್ಕರು. ಹನ್ನೊಂದು ಪ್ರಶ್ನೆ ಮುಗಿಯಲು ಮಧ್ಯಾಹ್ನವಾಯಿತು. ಕೆಲವಕ್ಕೆ ಎರಡೆರಡು ಸಲ ಯೋಚಿಸಿ ಉತ್ತರ ಬದಲಿಸಿದರು.

ಉತ್ತರಗಳನ್ನು ಇಂಗ್ಲಿಷ್‌ಗೆ ತಿರುಗಿಸಿ ಕಳಿಸಿದ್ದೆ. ಕಳೆದ ವಾರ ಲೇಖಕಿಯಿಂದ ಮತ್ತೊಂದು ಪತ್ರ. ಸುಣ್ಣ ಸರಿಯಾದ ಹೊತ್ತಿಗೆ ಬಿದ್ದರೆ ಮೇಲ್ವಿಚಾರಕನ ದೃಶ್ಯವೇ ನಿಲ್ಲುವುದಿಲ್ಲವಲ್ಲ, ಹಾಗಾಗಿ ಮೂವತ್ತು ಪುಟ ಹೊಸದಾಗಿ ಬರೆದಿದ್ದಾರಂತೆ. ಈ ವಯಸ್ಸಿನಲ್ಲಿ, ಈಗಾಗಲೇ ಎಲ್ಲರೂ ಮೆಚ್ಚಿದ ಪುಸ್ತಕಕ್ಕೆ. ಹೊಸ ಮುದ್ರಣದ ಮೊದಲ ಪುಟದಲ್ಲಿ ತುಕ್ಕಾನಟ್ಟಿಯ ಮಾಯವ್ವನಿಗೆ ಕೃತಜ್ಞತೆ ಇರುತ್ತದೆ. ಈ ಸಲದ ಅಂಕಣದಲ್ಲಿ ಮಾತ್ರ ತಮ್ಮ ಹೆಸರು ಬೇಡ ಎಂದಿದ್ದಾರೆ. (ತಪ್ಪು ತಿದ್ದಿಕೊಂಡಿದ್ದಕ್ಕೆ ಚಪ್ಪಾಳೆ ಬೇಡವಂತೆ.)

ಪತ್ರವನ್ನು ಮಾಯವ್ವನಿಗೆ ಫೋನಿನಲ್ಲೇ ಓದಿ ಹೇಳಿದೆ. ಸಂತೋಷಪಡುತ್ತಾರೆ ಎಂದುಕೊಂಡಿದ್ದೆ. ಅವರು ಮೆಲ್ಲಗೆ ಕೇಳಿದರು:

“ಅಕ್ಕಾರ, ನೀವು ಇಲ್ಲೇ ಮೂಡಲಗ್ಯಾಗ ಹುಟ್ಟಿದವ್ರು, ಇಷ್ಟ ವರ್ಷದಿಂದ ಬರ್ಯಾಕತ್ತೀರಿ. ನೀವ್ಯಾಕ ಒಮ್ಮಿನೂ ನಮ್ಮನ್ನ ಏನೂ ಕೇಳಿಲ್ರಿ?”