ಅಕ್ಕ ಗುರುತು ಹಿಡಿದ ಒಂಬತ್ತು ಹಕ್ಕಿಗಳು

ಗಿಟಾರ್ ರಿಪೇರಿಯವನನ್ನು ಬೀದಿಯವರೆಲ್ಲ ‘ತಂತಿ ಮಾಮ’ ಎಂದೇ ಕರೆಯುತ್ತಿದ್ದರು. ಮೂವತ್ತು ವರ್ಷ ಕಂಡವರ ಗಿಟಾರಿಗೆಲ್ಲ ತಂತಿ ಬಿಗಿದು ಶ್ರುತಿ ಕೂಡಿಸಿಕೊಟ್ಟ ಪುಣ್ಯಾತ್ಮ, ತಾನು ಮಾತ್ರ ಯಾರ ಮುಂದೆಯೂ ನುಡಿಸಿದವನಲ್ಲ. ಅಕ್ಕನೊಬ್ಬಳನ್ನು ಬಿಟ್ಟು. ಮದುವೆ ಗಿದುವೆ ಇಬ್ಬರಿಗೂ ಕೂಡಿಬರಲಿಲ್ಲ. ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಅವರಿಬ್ಬರೇ, ಮಾತೂ ಅಷ್ಟಕ್ಕಷ್ಟೇ.

ಐವತ್ತೆಂಟಕ್ಕೆ ಅವನಿಗೊಂದು ಹುಚ್ಚು ಹತ್ತಿತು. ಹಳೆಯ ಜನಪದ ಮಟ್ಟುಗಳನ್ನು ಹಿಡಿದು, ಕಿಟಕಿಯಾಚೆಯ ಹಕ್ಕಿಗಳ ಮೇಲೆ ಬರೀ ಗಿಟಾರಿನದೇ ಒಂದು ಆಲ್ಬಮ್ ಮಾಡಬೇಕು! ಹೆಸರು ಹೇಳದೆ ಅಕ್ಕನೆದುರು ನುಡಿಸುವುದು. ಅವಳು ಹಕ್ಕಿಯ ಗುರುತು ಹಿಡಿದರೆ ಆಲ್ಬಮ್ಮಿಗೆ, ಇಲ್ಲದಿದ್ದರೆ ಕಸದ ಬುಟ್ಟಿಗೆ. ಅಕ್ಕನೇನು ಸಾಮಾನ್ಯಳೇ? ಅವನ ಮರಕುಟಿಗನನ್ನು ಕೇಳಿ, “ಯಾರೋ ಬಾಗಿಲು ಬಡೀತಿದಾರೆ, ಹೋಗಿ ನೋಡು,” ಎಂದು ಮುಖಕ್ಕೆ ಹೊಡೆದಂತೆ ಹೇಳಿದ್ದಳು. ಪಾಪ, ನಾಲ್ಕು ಸಲ ತಿದ್ದಿದ.

ಬರಬರುತ್ತ ಅವಳು ಮೊದಲ ಸಲಕ್ಕೇ ಹೇಳತೊಡಗಿದಳು. “ಪಾರಿವಾಳ ಕಣೋ.” “ಗೂಬೆ ಅಲ್ವೇನೋ?” ತನ್ನ ಕೈ ಪಳಗಿತೆಂದು ಅವನು ಹಿರಿಹಿರಿ ಹಿಗ್ಗಿದ. ಅಂತೂ ಇಂತೂ ನಾಲ್ಕು ವರ್ಷಕ್ಕೆ ಒಂಬತ್ತು ಹಕ್ಕಿಗಳಾದವು. ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿಸಿ, ಸಿ.ಡಿ. ಹಿಡಿದು ಒಂದೇ ಉಸಿರಿಗೆ ಮೆಟ್ಟಿಲು ಹತ್ತಿದ.

ಅಕ್ಕ ಕೈಯೊರೆಸಿಕೊಂಡು ಬಂದು ಕುರ್ಚಿಯಲ್ಲಿ ಕೂತಳು. ಅವನು ಪ್ಲೇಯರ್ ಒತ್ತಿ, ಅವಳಿಗೆ ಬೆನ್ನು ಹಾಕಿ ಕಿಟಕಿಯ ಬಳಿ ನಿಂತ. ಮೊದಲ ಹಕ್ಕಿ ಅರ್ಧ ಮುಗಿದಿತ್ತು.

“ಯಾಕೋ ಸುಮ್ನೆ ನಿಂತೆ? ಹಾಕೋ ಬೇಗ,” ಎಂದಳು ಅಕ್ಕ.

ಅವನು ಗಕ್ಕನೆ ತಿರುಗಿ ನೋಡಿದ. ಅವನ ಮುಖ ಕಂಡದ್ದೇ ಅಕ್ಕನಿಗೆ ಎಲ್ಲ ತಿಳಿದುಹೋಯಿತು.

“ಎರಡು ವರ್ಷ ಆಯ್ತು ಕಣೋ, ಕಿವಿ ಪೂರ್ತಿ ಹೋಗಿ. ಮಾತನ್ನ ಹೇಗೋ ತುಟಿ ನೋಡಿ ತಿಳ್ಕೋತೀನಿ.”

“ಮತ್ತೆ ಹಕ್ಕಿಗಳು?”

“ನಿನ್ ಮುಖ ನೋಡಿ ಹೇಳ್ತಿದ್ದೆ. ಪಾರಿವಾಳ ನುಡಿಸೋವಾಗ ಕತ್ತು ಹಿಂದೆ ಮುಂದೆ ಆಡಿಸ್ತೀಯ. ಗೂಬೆ ಬಂದ್ರೆ ಕಣ್ಣು ಇಷ್ಟಗಲ ಬಿಡ್ತೀಯ. ನಿಂಗೇ ಗೊತ್ತಿಲ್ಲ, ಹುಚ್ಚಪ್ಪ!”

ಅವನಿಗೆ ನಗು ಬಂತು, ಜೊತೆಗೇ ಅಳು ಬಂತು. ಎರಡು ವರ್ಷ ಈ ಮನೆಯಲ್ಲಿ ತನ್ನ ಗಿಟಾರನ್ನು ಕೇಳಿಸಿಕೊಂಡವನು ತಾನೊಬ್ಬನೇ ಎಂದು ಹೊಳೆಯಿತು. ಅವಳೆದುರು ಕುಕ್ಕರಿಸಿ, ತುಟಿ ಕಾಣುವಂತೆ ನಿಧಾನವಾಗಿ ಕೇಳಿದ.

“ಯಾಕಕ್ಕ ಹೇಳ್ಲಿಲ್ಲ?”

“ಹೇಳಿದ್ರೆ ಯಾರಿಗೆ ನುಡಿಸ್ತಿದ್ದೆ ನೀನು?”