ಡ್ರಿಲ್ ಮೇಷ್ಟ್ರು ಏಳಲಿಲ್ಲ

ಶಿಕ್ಷಕರ ಸಂಘದ ಮಾತುಕತೆ ಸಮಿತಿಯಲ್ಲಿ ನಾಲ್ಕು ಜನ ಇದ್ದರು. ಚರಿತ್ರೆ ಮೇಷ್ಟ್ರು ಸಂಘದ ಕಾರ್ಯದರ್ಶಿ, ಮಾತಾಡುವ ಕೆಲಸ ಅವರದು. ಗಣಿತದ ಮೇಷ್ಟ್ರು ಲೆಕ್ಕ ಹಾಕುವುದಕ್ಕೆ. ಎದುರು ಕಡೆಯವರು ಹೋದ ಸಲ ಏನು ಹೇಳಿದ್ದರು, ಈ ಸಲ ಹೇಗೆ ನಾಲಿಗೆ ಹೊರಳಿಸುತ್ತಿದ್ದಾರೆ ಅನ್ನುವುದನ್ನು ಮುಖಕ್ಕೆ ಹೊಡೆದಂತೆ ಹೇಳುವುದಕ್ಕೆ ವಿಜ್ಞಾನದ ಮೇಡಂ. ನಾಲ್ಕನೆಯವರು ನಮ್ಮ ಡ್ರಿಲ್ ಮೇಷ್ಟ್ರು. ಅವರ ಕೆಲಸ ಏಳುವುದು.

ಏಳುವುದು ಅಂದರೆ ಬೇರೇನಲ್ಲ, ಕುರ್ಚಿಯಿಂದ ಏಳುವುದೇ. ಇದೂ ಒಂದು ಕೆಲಸವೇ ಅನ್ನಬೇಡಿ. ಸಂಘದವರು ಮೊದಲ ಸಲ ಆಡಳಿತ ಮಂಡಳಿಯ ಎದುರು ಸಿಟ್ಟು ಮಾಡಿಕೊಂಡು ಸಭೆಯಿಂದ ಎದ್ದು ಬಂದಾಗ ನೋಡಬೇಕಿತ್ತು. ಕಾರ್ಯದರ್ಶಿ ಬಾಗಿಲ ತನಕ ಹೋಗಿ ತಿರುಗಿ ನೋಡಿದರೆ ಗಣಿತದ ಮೇಷ್ಟ್ರು ಇನ್ನೂ ಹಾಳೆ ಜೋಡಿಸುತ್ತಿದ್ದರು. ಮೇಡಂ ಮೇಜಿನ ಕೆಳಗೆ ಬಗ್ಗಿ ಪೆನ್ನಿನ ಮುಚ್ಚಳ ಹುಡುಕುತ್ತಿದ್ದರು. ಮಂಡಳಿಯ ಚೇರ್ಮನ್ ತಾವೇ ಎದ್ದು ಆ ಮುಚ್ಚಳ ಹುಡುಕಿಕೊಟ್ಟು, "ನಿಧಾನ, ಎಡವೀರಿ" ಅಂದರಂತೆ. ಅದು ಪ್ರತಿಭಟನೆಯ ಹಾಗಿರಲಿಲ್ಲ, ಬಸ್ಸು ತಪ್ಪಿಸಿಕೊಂಡವರ ಹಾಗಿತ್ತು.

ಅವತ್ತೇ ಒಂದು ಕಟ್ಟುಪಾಡು ಮಾಡಿದರು. ಕಾರ್ಯದರ್ಶಿ ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರೆ ಅದು ಸೂಚನೆ. ಇಟ್ಟ ತಕ್ಷಣ ಡ್ರಿಲ್ ಮೇಷ್ಟ್ರು ಕುರ್ಚಿಯನ್ನು ಹಿಂದಕ್ಕೆ ಸದ್ದಾಗುವ ಹಾಗೆ ತಳ್ಳಿ ಏಳಬೇಕು. ಅವರು ಎದ್ದಮೇಲೆ ಉಳಿದವರು ಒಟ್ಟಿಗೆ ಏಳಬೇಕು. ಅವರಿಗಿಂತ ಮುಂಚೆ ಯಾರೂ ಏಳುವ ಹಾಗಿಲ್ಲ. ಇಡೀ ಶಾಲೆಯನ್ನು ಒಂದೇ ಕೂಗಿಗೆ ಎದ್ದು ನಿಲ್ಲಿಸುವ ಮನುಷ್ಯನಿಗೆ ಇದಕ್ಕಿಂತ ತಕ್ಕ ಕೆಲಸ ಯಾವುದಿದೆ?

ಮೇಷ್ಟ್ರು ಮನೆಯಲ್ಲಿ ಊಟದ ಕುರ್ಚಿಯ ಮೇಲೆ ಅಭ್ಯಾಸ ಮಾಡಿದರು.

"ರೀ, ಕುರ್ಚಿ ಕಾಲು ಮುರಿದ್ರೆ ನಿಮ್ಮ ಸಂಘದವರು ಹೊಸದು ತಂದ್ಕೊಡ್ತಾರಾ?" ಅಂದರು ಹೆಂಡತಿ.

"ಇದು ನಿನಗೆ ಅರ್ಥ ಆಗಲ್ಲ ಬಿಡು."

"ಅರ್ಥ ಆಗದೆ ಏನು? ಇಷ್ಟು ವರ್ಷ ಸಂಸಾರ ಮಾಡಿದ್ದೀನಿ, ತಟ್ಟೆ ಎತ್ತಿಡೋಕೆ ಒಂದು ದಿನ ಇಷ್ಟು ಬೇಗ ಎದ್ದಿಲ್ಲ ನೀವು."

ಆದರೆ ಆ ಏಳುವಿಕೆಗೆ ಫಲ ಸಿಗುತ್ತಿತ್ತು. ಮಾತುಕತೆ ಒಂದು ಬೇಸಿಗೆ ರಜೆ ದಾಟಿ ಇನ್ನೊಂದರ ಹತ್ತಿರಕ್ಕೆ ಎಳೆಯಿತು. ಮೇಷ್ಟ್ರು ಎದ್ದು ಬಂದಾಗಲೆಲ್ಲ ಮಂಡಳಿಯವರು ಒಂದು ವಾರ ಬಿಗುವಾಗಿದ್ದು, ಆಮೇಲೆ ಸ್ವಲ್ಪ ಮೆತ್ತಗಾಗಿ ಮತ್ತೆ ಕರೆಸುತ್ತಿದ್ದರು. ಮೇಷ್ಟ್ರಿಗೆ ಮೆಲ್ಲಗೆ ತಲೆಗೇರಿತು. ಮಾತಾಡುವವರು ಎಷ್ಟಾದರೂ ಮಾತಾಡಲಿ, ಒಪ್ಪಂದ ಮುಂದಕ್ಕೆ ಹೋಗುತ್ತಿರುವುದು ತಮ್ಮ ಮೊಣಕಾಲಿನ ಬಲದಿಂದ ಅಂತ ಅವರು ನಂಬಿಬಿಟ್ಟರು.

ಹಾಗೆ ನಂಬಿದ ಇನ್ನೊಬ್ಬರು ಹಾಡಿನ ಟೀಚರ್.

ಆಕೆ ಗಂಟೆ ಲೆಕ್ಕದವರು. ಎಷ್ಟು ಪೀರಿಯಡ್ ತೆಗೆದುಕೊಂಡರೋ ಅಷ್ಟಕ್ಕೇ ಸಂಬಳ. ಶಾಲೆಯಲ್ಲಿ ಅಂಥವರು ಹಲವರಿದ್ದರು, ಚಿತ್ರಕಲೆಯವರು, ಹೊಲಿಗೆಯವರು, ಲೈಬ್ರರಿ ನೋಡಿಕೊಳ್ಳುವವರು. ಮೇಷ್ಟ್ರ ಚೆಂಡು, ಬ್ಯಾಟು, ಹಗ್ಗ ಇಡುವ ಕೋಣೆಯಲ್ಲೇ ಆಕೆಯ ಹಾರ್ಮೋನಿಯಂ ಕೂಡ ಇರುತ್ತಿತ್ತು. ಇಬ್ಬರಿಗೂ ಒಂದೇ ಕೋಣೆ, ಒಂದೇ ಬೀಗ, ಒಂದೇ ದುಃಖ. ಪರೀಕ್ಷೆ ಹತ್ತಿರ ಬಂದರೆ ಸಾಕು, ಗಣಿತದ ಮೇಷ್ಟ್ರು ಸೀಮೆಸುಣ್ಣ ಹಿಡಿದು ಬಾಗಿಲಲ್ಲಿ ಪ್ರತ್ಯಕ್ಷ. "ಇವತ್ತೊಂದು ದಿನ ನಿಮ್ಮ ಪೀರಿಯಡ್ ಕೊಡಿ, ಪಾಠ ಮುಗಿದಿಲ್ಲ." ಆ ಒಂದು ದಿನ ಪರೀಕ್ಷೆ ಮುಗಿಯುವವರೆಗೂ ಮುಗಿಯುತ್ತಿರಲಿಲ್ಲ.

"ನಿಮ್ಮದು ಹೋದ್ರೆ ಆಟ ಹೋಯ್ತು ಅಷ್ಟೇ ಅಣ್ಣಾ. ನಂದು ಹೋದ್ರೆ ಮನೆ ಬಾಡಿಗೆ ಹೋಯ್ತು," ಅನ್ನುತ್ತಿದ್ದರು ಆಕೆ, ನಗುನಗುತ್ತಲೇ.

ಮಾತುಕತೆಯ ನಡುವೆ ಸಂಘ ಮುಷ್ಕರ ಹೂಡಿದ ದಿನಗಳಲ್ಲಿ ಗಂಟೆ ಲೆಕ್ಕದವರು ಬರಬೇಕಾಗಿರಲಿಲ್ಲ. ಬಂದರೆ ಮುಂದಿನ ವರ್ಷ ಕರೆಯುವುದಿಲ್ಲ ಅಂತ ಚೇರ್ಮನ್ ಹೇಳಿಸಿಯೂ ಇದ್ದರು. ಆದರೂ ಎಲ್ಲರೂ ಬಂದು ಗೇಟಿನ ಎದುರು ಬಿಸಿಲಲ್ಲಿ ಕೂತರು. ಡ್ರಿಲ್ ಮೇಷ್ಟ್ರ ಘೋಷಣೆಗಳೆಲ್ಲ ಒಂದೇ ರಾಗ, ಮಕ್ಕಳಿಗೆ ಲೆಫ್ಟ್ ರೈಟ್ ಹೇಳಿದ ಹಾಗೆ. ಹಾಡಿನ ಟೀಚರ್ ಎರಡು ದಿನ ಸಹಿಸಿಕೊಂಡು, ಮೂರನೆಯ ದಿನ ಅದಕ್ಕೊಂದು ಧಾಟಿ ಹಚ್ಚಿಕೊಟ್ಟರು. ಆಮೇಲೆ ದಾರಿಹೋಕರೂ ನಿಂತು ಕೇಳತೊಡಗಿದರು.

ಒಂದು ಸಂಜೆ ಹಾರ್ಮೋನಿಯಂ ಒಳಗಿಡುತ್ತಾ ಆಕೆ ಕೇಳಿದರು. "ಅಣ್ಣಾ, ನಮ್ಮನ್ನ ಖಾಯಂ ಮಾಡೋ ಕಲಮು ಬೇಡಿಕೆ ಪಟ್ಟಿಯ ಕೊನೇಲಿದೆಯಂತೆ. ಕೊನೇಲಿರೋದು ಉದುರಿಹೋಗಲ್ಲ ತಾನೇ?"

"ನಾನಿರೋವಾಗ ಹ್ಯಾಗಮ್ಮಾ ಉದುರುತ್ತೆ? ಅವರು ಆ ಕಲಮಿನ ಮೇಲೆ ಕೈಯಿಡ್ಲಿ, ನಾನು ಎದ್ದಿರ್ತೀನಿ."

ಹೀಗೆ ಮಾತು ಕೊಡುವಾಗ ಮೇಷ್ಟ್ರು ಎದೆಯನ್ನೂ ಸ್ವಲ್ಪ ಮುಂದೆ ಮಾಡಿದ್ದರು. ಅದು ಆಮೇಲೆ ಅವರಿಗೆ ತುಂಬಾ ಸಲ ನೆನಪಾಯಿತು.

ಕೊನೆಯ ಸಭೆ ಅಂತ ಯಾರಿಗೂ ಮೊದಲೇ ಗೊತ್ತಿರಲಿಲ್ಲ. ಮಂಡಳಿಯ ಕೋಣೆ ತಣ್ಣಗಿತ್ತು, ಕಾಲ ಕೆಳಗೆ ದಪ್ಪ ಜಮಖಾನ. ಮೇಷ್ಟ್ರ ಶೂ ಹೊಸದು. ಹೆಂಡತಿಯ ಮಾತಿಗೆ ತೆಗೆದುಕೊಂಡದ್ದು, ಕಿರುಬೆರಳನ್ನು ಜೀವಂತ ಹಿಂಡುತ್ತಿತ್ತು. ಲೇಸು ಬಿಚ್ಚಿದ ಮಕ್ಕಳನ್ನು ದಿನಾ ಬೆಳಿಗ್ಗೆ ಸಾಲಿನಿಂದ ಹೊರಗೆ ನಿಲ್ಲಿಸುವ ಮೇಷ್ಟ್ರು, ಮೇಜಿನ ಕೆಳಗೆ ಯಾರಿಗೂ ಕಾಣದಂತೆ ಎರಡೂ ಶೂ ಕಳಚಿ, ಕಾಲ್ಬೆರಳು ಬಿಡಿಸಿಕೊಂಡು, ಸ್ವರ್ಗಸುಖದಲ್ಲಿ ಕೂತರು.

ಅವತ್ತು ಎಲ್ಲವೂ ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ನಡೆಯಿತು. ಸಂಬಳದ ಮಾತು ಮುಗಿಯಿತು. ರಜೆಯದೂ ಮುಗಿಯಿತು. ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡು, "ಆಟದ ಪೀರಿಯಡ್‌ನ ಬೇರೆ ಪಾಠಕ್ಕೆ ಬಳಸಬಾರದು ಅಂತ ಒಂದು ಕಲಮು ಇದೆ" ಅಂದರು. ಮೇಷ್ಟ್ರು ಹಟ ಹಿಡಿದು ಸೇರಿಸಿದ್ದ ಕಲಮು ಅದು. ಯಾರೂ ಅದನ್ನು ಗಂಭೀರವಾಗಿ ತೆಗೆದುಕೊಂಡಿರಲಿಲ್ಲ, ಸ್ವತಃ ಮೇಷ್ಟ್ರ ಹೆಂಡತಿಯೂ.

ಚೇರ್ಮನ್ ಕೈ ಬೀಸಿದರು. "ಬರ್ಕೊಳ್ಳಿ, ಆಟದ ಹೊತ್ತಲ್ಲಿ ಆಟವೇ."

ಗಣಿತದ ಮೇಷ್ಟ್ರು ದಂಡ ಬಿದ್ದವರ ಹಾಗೆ ಕಿಟಕಿ ಕಡೆ ನೋಡಿದರು. ಡ್ರಿಲ್ ಮೇಷ್ಟ್ರಿಗೆ ಕಣ್ಣು ಮಂಜಾಯಿತು. ಕೆಲಸಕ್ಕೆ ಸೇರಿದಂದಿನಿಂದ ಬೇಡಿದ್ದು ಅದೊಂದೇ.

ಉಳಿದದ್ದು ಕೊನೆಯ ಕಲಮು. ಚೇರ್ಮನ್ ಫೈಲು ಮುಚ್ಚಿಯೇ ಮಾತಾಡಿದರು. "ಗಂಟೆ ಲೆಕ್ಕದವರ ವಿಷಯ ಬಿಡಿ. ಅದು ಬೇಕೇ ಬೇಕು ಅಂದ್ರೆ, ಇಷ್ಟೊತ್ತು ಒಪ್ಪಿದ್ದನ್ನೆಲ್ಲ ಮತ್ತೆ ಮೊದಲಿಂದ ನೋಡ್ಬೇಕಾಗುತ್ತೆ."

ಕಾರ್ಯದರ್ಶಿ ಕನ್ನಡಕ ತೆಗೆದರು. ಮೇಜಿನ ಮೇಲೆ ಇಟ್ಟರು.

ಮೇಷ್ಟ್ರ ಬಲಗಾಲು ಶೂ ಹೊಕ್ಕಿತು. ಎಡಗಾಲಿಗೆ ಜಮಖಾನ ಮಾತ್ರ ಸಿಕ್ಕಿತು. ಕರೆಂಟು ಹೋದಾಗ ಬೆಂಕಿಪೊಟ್ಟಣ ಹುಡುಕುವ ಹಾಗೆ ಕಾಲು ಆ ಕಡೆ ತಡಕಿತು, ಈ ಕಡೆ ತಡಕಿತು, ವಿಜ್ಞಾನದ ಮೇಡಂ ಪಾದಕ್ಕೆ ತಗಲಿ ಬೆಚ್ಚಿತು. ಮೇಲೆ ಮುಖ ಮಾತ್ರ ಕಲ್ಲು. ಕೊನೆಗೆ ಮೇಜಿನ ಕಾಲಿನ ಹಿಂದೆ ಶೂ ಸಿಕ್ಕಿತು. ಪಾದ ಒಳಗೆ ಹೋಯಿತು. ಹಿಮ್ಮಡಿಯೂ ಕೂತಿತು.

ಇನ್ನು ಏಳುವುದೊಂದೇ ಬಾಕಿ. ಹೊತ್ತು ಮೀರಿರಲಿಲ್ಲ. ಕನ್ನಡಕ ಮೇಜಿನ ಮೇಲೇ ಇತ್ತು, ಚೇರ್ಮನ್ ಕಾಯುತ್ತಲೇ ಇದ್ದರು. ಮೇಷ್ಟ್ರು ಎರಡೂ ಕೈ ಕುರ್ಚಿಯ ತೋಳಿನ ಮೇಲೆ ಊರಿದರು. ಆಗ ತಲೆಯೊಳಗೆ ಒಂದು ಚಿತ್ರ ಬಂತು. ಮೈದಾನ, ಸಾಲಾಗಿ ನಿಂತ ಮಕ್ಕಳು, ಯಾರೂ ಕಸಿದುಕೊಳ್ಳದ ಪೀರಿಯಡ್ಡು. ಎದ್ದರೆ ಅದೂ ಎದ್ದು ಹೋಗುತ್ತದೆ.

ಮೇಷ್ಟ್ರು ಕೈ ಸಡಿಲಿಸಿದರು.

ಕಾರ್ಯದರ್ಶಿ ಅವರನ್ನು ನೋಡಿದರು. ಮೇಡಂ ತಮ್ಮ ಬ್ಯಾಗು ನೋಡಿಕೊಂಡರು. ಗಣಿತದ ಮೇಷ್ಟ್ರು ಚಾವಣಿ ನೋಡಿದರು.

"ಹಾಗಾದ್ರೆ ಒಪ್ಪಿಗೆ ಅಂತ ತಿಳ್ಕೋತೀನಿ," ಅಂದರು ಚೇರ್ಮನ್. ಕಾರ್ಯದರ್ಶಿ ಕನ್ನಡಕ ಹಾಕಿಕೊಂಡರು. ಸಹಿ ಮಾಡುವುದಕ್ಕೆ ಅದು ಬೇಕಿತ್ತು.

"ಗೆದ್ದು ಬಂದೋರ ಮುಖಾನಾ ಇದು?" ಅಂದರು ಮನೆಯಲ್ಲಿ ಹೆಂಡತಿ. "ಶೂ ಕಚ್ಚಿತಾ?"

"ಹೂಂ," ಅಂದರು ಮೇಷ್ಟ್ರು. ಅವತ್ತು ರಾತ್ರಿ ಊಟಕ್ಕೆ ಕೂತವರು ತಟ್ಟೆ ಒಣಗುವವರೆಗೂ ಏಳಲಿಲ್ಲ.

ಮರುದಿನ ಹಾಡಿನ ಟೀಚರ್ ಎದುರಾದರು. ಕೊನೆಯವರೆಗೂ ಹೋರಾಡಿದೆವು, ಅವರು ಬಗ್ಗಲಿಲ್ಲ ಅಂತ ಕಾರ್ಯದರ್ಶಿ ಎಲ್ಲರಿಗೂ ಹೇಳಿದ್ದರು. ಆಕೆಯ ಕಣ್ಣು ಊದಿತ್ತು. "ಬೇಜಾರು ಮಾಡ್ಕೋಬೇಡಿ ಅಣ್ಣಾ. ನೀವು ಎದ್ದಿರ್ತೀರಿ ಅಂತ ನಂಗೆ ಗೊತ್ತು." ಕೆಲಸ ಕಳೆದುಕೊಳ್ಳಬಹುದಾದವರು ಕೆಲಸ ಗಟ್ಟಿಯಾದವರಿಗೆ ಸಮಾಧಾನ ಹೇಳುತ್ತಿದ್ದರು. ಮೇಷ್ಟ್ರಿಗೆ ಚೆಂಡಿನ ಬುಟ್ಟಿಯೊಳಗೆ ತಲೆ ಹುದುಗಿಸಿಕೊಳ್ಳೋಣ ಅನ್ನಿಸಿತು. ಗಾಳಿ ಹೋದ ಚೆಂಡೊಂದನ್ನು ಎತ್ತಿಕೊಂಡು ಅದನ್ನೇ ಒತ್ತಿ ಒತ್ತಿ ನೋಡುತ್ತಾ ನಿಂತರು.

ವಾರಾಂತ್ಯಕ್ಕೆ ಒಪ್ಪಂದಕ್ಕೆ ಸದಸ್ಯರ ಒಪ್ಪಿಗೆ ಪಡೆಯುವ ಸಭೆ. ಶಾಲೆಯ ಸಭಾಂಗಣದಲ್ಲಿ ಖಾಯಂ ಶಿಕ್ಷಕರೆಲ್ಲ ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಮಡಚಿ ಕೂತಿದ್ದರು. ಗಂಟೆ ಲೆಕ್ಕದವರಿಗೆ ಕೈ ಎತ್ತುವ ಹಕ್ಕಿಲ್ಲ. ಅವರು ಹೊರಗೆ ಜಗಲಿಯಲ್ಲಿ, ಕಿಟಕಿಯ ಸರಳು ಹಿಡಿದು ನಿಂತಿದ್ದರು. ಕೈ ಎತ್ತುವುದಕ್ಕೆ ಮೊದಲು ಎಲ್ಲವನ್ನೂ ಹೇಳಿಬಿಡಬೇಕು ಅಂತ ಮೇಷ್ಟ್ರು ಮನೆಯಿಂದಲೇ ಗಟ್ಟಿ ಮಾಡಿಕೊಂಡು ಬಂದಿದ್ದರು. ಸದಸ್ಯರು ಬೇಡ ಅಂದರೆ ಒಪ್ಪಂದ ವಾಪಸು ಹೋಗುತ್ತದೆ, ಕೊನೆಯ ಕಲಮಿಗೆ ಇನ್ನೂ ಉಸಿರಿದೆ.

ಕಾರ್ಯದರ್ಶಿ ಕರೆದದ್ದೂ ಅವರನ್ನೇ. "ನಮ್ಮ ಸಂಘದ ಕಾಲು ಇವರು! ಎರಡು ಮಾತು ಹೇಳ್ಬೇಕು."

ಮೇಷ್ಟ್ರು ನಿಂತರು. "ಅವತ್ತು... ಕೊನೇ ಕಲಮು ಬಂದಾಗ... ನಾನು ಏಳಲಿಲ್ಲ."

ಅಷ್ಟೂ ಕಣ್ಣು ತಮ್ಮ ಮೇಲೆ. ಕಿಟಕಿಯ ಸರಳಿನ ಹಿಂದೆಯೂ ಕಣ್ಣು. ಮೇಷ್ಟ್ರ ನಾಲಿಗೆ ಹೆದರಿತು, ಹೆದರಿದ್ದು ಅಡ್ಡದಾರಿ ಹಿಡಿಯಿತು. "ಯಾಕಂದ್ರೆ... ಶೂ ಬಿಚ್ಚಿಟ್ಟಿದ್ದೆ. ಎಡಗಾಲಿಂದು ಸಿಗಲೇ ಇಲ್ಲ."

ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಹಿಂದಿನ ಬೆಂಚಿನಿಂದ ಯಾರೋ, "ಹೋಮ್‌ವರ್ಕು ನಾಯಿ ತಿಂತು ಅಂದ ಹಾಗಾಯ್ತು ಮೇಷ್ಟ್ರೇ!" ಅಂದರು. ಇನ್ನೊಂದು ಅಲೆ ನಗು. ನಿಲ್ಲಿಸಿ, ಅದು ಸುಳ್ಳು ಅನ್ನಬಹುದಿತ್ತು. ಮೇಷ್ಟ್ರು ಅನ್ನಲಿಲ್ಲ. ಅದಕ್ಕಿಂತ ಕೆಟ್ಟದ್ದು ಮಾಡಿದರು. ಕಾಲು ಚಾಚಿ, ಶೂ ಹುಡುಕುವುದನ್ನು ಅಭಿನಯಿಸಿ ತೋರಿಸಿದರು. ಚಪ್ಪಾಳೆ ಬಿತ್ತು. ಆ ಖುಷಿಯಲ್ಲೇ ಕೈಗಳು ಮೇಲೆದ್ದವು. ಅವುಗಳ ನಡುವೆ ಮೇಷ್ಟ್ರ ಕೈಯೂ ಇತ್ತು.

ಚಹಾದ ಹೊತ್ತಿಗೆ ಕಾರ್ಯದರ್ಶಿ ಲೋಟ ಹಿಡಿದು ಮೂಲೆಗೆ ಬಂದರು. "ಚೆನ್ನಾಗಿ ನಗಿಸಿದೆ ಕಣಯ್ಯಾ."

"ಸಾರ್, ಅದು... ಶೂ ಸಿಕ್ಕಿತ್ತು ಸಾರ್."

ಕಾರ್ಯದರ್ಶಿ ಚಹಾ ಊದಿದರು. "ಇರಬಹುದು. ನಮ್ಮ ಮೂರು ಜನರದ್ದು ಕಾಲಲ್ಲೇ ಇತ್ತಲ್ಲಪ್ಪಾ, ನಾವೇನು ಎದ್ವಾ? ಸಾಕಾಗಿತ್ತು ಎಲ್ಲರಿಗೂ. ಬಿಟ್ಟಾಕು." ಹೀಗಂದು ಹೆಗಲು ತಟ್ಟಿ ಹೋದರು. ನೀರಿಗೆ ಬಿದ್ದವನಿಗೆ, ಇನ್ನೂ ಮೂವರು ಬಿದ್ದಿದ್ದಾರೆ ಅಂತ ಹೇಳಿದರೆ ಈಜು ಬರುತ್ತದೆಯೇ? ಮೇಷ್ಟ್ರು ಚಹಾ ಮುಟ್ಟದೆ ಹೊರಗೆ ಬಂದರು.

ಜಗಲಿಯಲ್ಲಿ ಹಾಡಿನ ಟೀಚರ್ ಒಬ್ಬರೇ ನಿಂತಿದ್ದರು. ಆಕೆ ನಕ್ಕಿರಲಿಲ್ಲ ಅನ್ನುವುದು ಮುಖ ನೋಡಿದರೆ ಗೊತ್ತಾಗುತ್ತಿತ್ತು.

"ಸಿಗಲೇ ಇಲ್ವಾ?" ಅಂದರು.

ಮೇಷ್ಟ್ರು ಕಂಬದ ಸುಣ್ಣ ಕೆರೆದರು. "ಸಿಕ್ತಮ್ಮಾ."

"ಯಾವಾಗ?"

"ಅವರು ಇನ್ನೂ ಕಾಯ್ತಾ ಇದ್ರು. ಏಳಬಹುದಿತ್ತು."

"ಮತ್ತೆ?"

"ಅದಕ್ಕೆ ಸ್ವಲ್ಪ ಮುಂಚೆ ಆಟದ ಪೀರಿಯಡ್ ಒಪ್ಕೊಂಡಿದ್ರು. ಎದ್ರೆ ಅದು ಹೋಗ್ತಿತ್ತು."

ಆಕೆ ಬಯ್ಯಲಿಲ್ಲ. ಬೈದಿದ್ದರೆ ಮೇಷ್ಟ್ರಿಗೆ ಎಷ್ಟೋ ಅನುಕೂಲವಾಗುತ್ತಿತ್ತು. ಮೈದಾನದ ಕಡೆ ನೋಡಿ ಅಂದರು. "ಆಟದ ಪೀರಿಯಡ್ ಮುಟ್ಟೋ ಹಾಗಿಲ್ಲ ಅಂದ್ರೆ ಇನ್ನು ಗಣಿತದವರು ಬರೋದು ನನ್ನ ಪೀರಿಯಡ್ಡಿಗೇ. ಪೂರ್ತಿ."

ಇದು ಮೇಷ್ಟ್ರಿಗೆ ಹೊಳೆದೇ ಇರಲಿಲ್ಲ.

"ಶೂ ಸಿಕ್ಕಿತ್ತು ಅನ್ನೋದನ್ನ ಒಳಗೆ ಹೇಳ್ಬೇಕಿತ್ತು, ಕೈ ಎತ್ತೋಕೆ ಮುಂಚೆ," ಅಂದರು ಟೀಚರ್.

"ಹೇಳೋಣ ಅಂತಲೇ ನಿಂತೆ. ಅವರು ನಕ್ಕುಬಿಟ್ರು."

"ನೀವು ನಗಿಸಿದ್ರಿ," ಅಂದರು ಆಕೆ. ಮೆಟ್ಟಿಲ ಕಡೆ ಕೈ ತೋರಿಸಿದರು. ಅಲ್ಲಿ ಚಿತ್ರಕಲೆಯವರು, ಹೊಲಿಗೆಯವರು, ಲೈಬ್ರರಿಯವರು ಗುಂಪಾಗಿ ಕೂತಿದ್ದರು. "ಅವರಿನ್ನೂ ನೀವು ಎದ್ದಿದ್ರಿ, ಶೂ ಸುಮ್ನೆ ತಮಾಷೆ ಅಂತಲೇ ಅಂದ್ಕೊಂಡಿದ್ದಾರೆ. ನಾನು ಹೇಳಲ್ಲ. ಹೋಗಿ ನೀವೇ ಹೇಳಿ."

ಮೇಷ್ಟ್ರು ಆಕೆಯ ಮುಖ ನೋಡಿದರು. ಅಲ್ಲಿ ತಪ್ಪಿಸಿಕೊಳ್ಳುವ ಸಂದು ಇರಲಿಲ್ಲ. ಮೆಟ್ಟಿಲಿಳಿದು ಹೋದರು. ಎಲ್ಲರೂ ಸರಿದು ಜಾಗ ಮಾಡಿಕೊಟ್ಟರು. ಹೊಲಿಗೆಯ ಟೀಚರ್ ಸೆರಗಿನಿಂದ ಮೆಟ್ಟಿಲ ಧೂಳನ್ನೂ ಕೊಡವಿದರು.

"ಬನ್ನಿ ಮೇಷ್ಟ್ರೇ. ಕಿಟಕೀಲಿ ಅರ್ಧಂಬರ್ಧ ಕೇಳಿಸ್ತು. ಆ ಶೂ ಕಥೆ ಇನ್ನೊಂದ್ಸಲ ಹೇಳಿ," ಅಂದರು ಚಿತ್ರಕಲೆಯವರು. ಆಗಲೇ ನಗುವುದಕ್ಕೆ ಸಿದ್ಧರಾಗಿದ್ದರು, ಪಾಪ.

ಮೇಷ್ಟ್ರು ಅವರ ನಡುವೆ ಕೂತರು.

"ಹೇಳ್ತೀನಿ," ಅಂದರು. "ಆದರೆ ಇದರಲ್ಲಿ ನಗೋದೇನೂ ಇಲ್ಲ."